ಹೊಸ್ತಿಲಾಚೆಯ ಪೆಟ್ಟಿಗೆ

ಪೆಟ್ಟಿಗೆ ಬಂದದ್ದು ಸೋಮವಾರ ಬೆಳಿಗ್ಗೆ. ನೀಲಿ ಬಣ್ಣದ ಶೀತಪೆಟ್ಟಿಗೆ, ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ಒಳಗೆ ಅರವತ್ತು ಸೀಸೆ, ಆರುನೂರು ಮಕ್ಕಳಿಗೆ ಸಾಲುವಷ್ಟು ಗಂಟಲುಮಾರಿ ಲಸಿಕೆ. ನಮ್ಮ ಆಸ್ಪತ್ರೆಯ ಲಸಿಕೆ ಕೋಣೆಗೆ ಎರಡು ಹೆಜ್ಜೆ ಇದೆ ಅನ್ನುವಾಗ ಅದನ್ನು ಕಾರಿಡಾರಿನ ಬೆಂಚಿನ ಮೇಲೆ ಇಳಿಸಿದರು. ಆ ಎರಡು ಹೆಜ್ಜೆಯನ್ನು ಅದು ದಾಟಲೇ ಇಲ್ಲ.

ಆ ಕೋಣೆ ಹನ್ನೊಂದು ವರ್ಷದಿಂದ ನನ್ನ ಸುಪರ್ದಿನಲ್ಲಿದೆ. ಲಸಿಕೆ ತಣ್ಣಗಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕೋಣೆ ರಾಜ್ಯದ್ದು, ಲಸಿಕೆ ಕೇಂದ್ರದ್ದು. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಈ ವರ್ಷ ನಮ್ಮ ವಿಧಾನಸಭೆ ಹೊಸ ಕಾಯಿದೆ ಮಾಡಿತು: ಹೊರಗಿನಿಂದ ಬರುವ ಯಾವ ಔಷಧಿಗೂ ರಾಜ್ಯದ ಮೊಹರು ಬೀಳಬೇಕು. ಅದಕ್ಕೆ ಕೇಂದ್ರದವರು, ನಮ್ಮ ಸೀಲಿನ ಪಕ್ಕ ಇನ್ನೊಂದು ಮೊಹರು ಬಿದ್ದರೆ ಆ ಮಾಲು ರದ್ದು ಎಂದು ಆಜ್ಞೆ ಹೊರಡಿಸಿದರು. ಪೆಟ್ಟಿಗೆ ನನ್ನ ಹೊಸ್ತಿಲು ದಾಟಿದರೆ ರಾಜ್ಯದ ವಶ, ದಾಟದಿದ್ದರೆ ಕೇಂದ್ರದ ವಶ. ಊರಾಚೆಯ ಸೇತುವೆಯೇ ರಾಜ್ಯದ ಗಡಿ, ಈಚೆ ರಾಜ್ಯದ ಪೊಲೀಸರು, ಆಚೆ ಕೇಂದ್ರದ ಪಡೆ. ಅಲ್ಲಿ ಬಂದೂಕು ಹಿಡಿದು ನಿಂತವರ ಜಗಳ ಹೀಗೆ ನನ್ನ ಹೊಸ್ತಿಲಿಗೆ ಬಂತು.

ಪೆಟ್ಟಿಗೆಯ ಜೊತೆ ಬಂದ ಕೇಂದ್ರದ ಔಷಧ ಉಗ್ರಾಣದ ಅಧಿಕಾರಿ ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ. ಅದಕ್ಕೆ ಅಡ್ಡ ನಿಂತ ರಾಜ್ಯ ಪೊಲೀಸ್ ಇನ್‌ಸ್ಪೆಕ್ಟರು ನನ್ನ ಸ್ವಂತ ಅಣ್ಣ. ನನ್ನ ಮದುವೆಯ ಫೋಟೊದಲ್ಲಿ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಗುತ್ತಿದ್ದಾರೆ. ಇನ್ನು ನನ್ನ ಗಂಡ ರೈಲಿನ ಗಾರ್ಡು. ಗಡಿಯಲ್ಲಿ ರೈಲು ನಿಲ್ಲಿಸಿದ ದಿನದಿಂದ ಆಚೆಯೇ ಉಳಿದಿದ್ದಾರೆ. ನಾಲ್ಕು ತಿಂಗಳಿಂದ ಫೋನಿನಲ್ಲಷ್ಟೇ ಗಂಡ.

"ಬೀಗ್ರೇ, ದಾರಿ ಬಿಡಿ," ಎಂದ ಅಣ್ಣ. "ಆಸ್ಪತ್ರೆ ನಮ್ದು, ಕೋಣೆ ನಮ್ದು, ಮಕ್ಕಳೂ ನಮ್ಮವೇ. ಮೊಹರು ಹೊಡೆದು ಒಳಗಿಡ್ತೀವಿ."

"ಮಕ್ಕಳು ನಿಮ್ಮವಾದ್ರೆ ಔಷಧಿನೂ ನೀವೇ ಮಾಡ್ಕೊಳ್ಳಿ ಬೀಗ್ರೇ," ಎಂದರು ಭಾವ. "ಬೇಕು ಅನ್ನೋವಾಗ ದೇಶ, ಕೈಗೆ ಬಂದ್ಮೇಲೆ ರಾಜ್ಯ. ಚೆನ್ನಾಗಿದೆ ನಿಮ್ಮ ನ್ಯಾಯ."

"ನಾಲಿಗೆ ಬಿಗಿ ಹಿಡೀರಿ. ಡ್ಯೂಟಿ ಮೇಲಿದ್ದೀನಿ."

"ನಾನೇನು ಹೆಣ್ಣು ನೋಡೋಕೆ ಬಂದಿದ್ದೀನಾ? ನಾನೂ ಡ್ಯೂಟಿ ಮೇಲೇ ಇರೋದು."

ಕಾನ್‌ಸ್ಟೇಬಲ್ ಒಬ್ಬ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಭಾವನ ಜೊತೆ ಬಂದ ಕಾವಲುಗಾರ ಅವನ ಕೈಯನ್ನು ತಿರುಚಿದ. ಬೆಂಚಿನ ಮೇಲಿದ್ದ ರೋಗಿಗಳು ಎದ್ದು ಗೋಡೆಗೆ ಒತ್ತಿಕೊಂಡರು. ಆಗ ಡಾಕ್ಟರಮ್ಮ ಹೊರಬಂದರು. ಕುಳ್ಳಗಿನ ಹೆಂಗಸು, ಧ್ವನಿ ಮಾತ್ರ ಕಾರಿಡಾರಿನ ಕೊನೆಯವರೆಗೂ ಮುಟ್ಟುತ್ತದೆ.

"ಒಳಗೆ ದರ್ಜಿಯ ಮಗ ಉಸಿರಿಗೆ ಒದ್ದಾಡ್ತಿದ್ದಾನೆ. ಗಂಟಲ ತುಂಬ ಬೂದು ಪೊರೆ. ಇನ್ನೊಬ್ಬನಿಗೆ ಬರೋಕ್ ಮುಂಚೆ ಈ ಲಸಿಕೆ ಹಾಕ್ಬೇಕು. ನಿಮ್ಮ ಮೇಲಿನವರು ಏನಾದ್ರೂ ತೀರ್ಮಾನ ಮಾಡೋವರೆಗೂ ಪೆಟ್ಟಿಗೆ ಬೆಂಚಿನ ಮೇಲೇ ಇರ್ಲಿ. ಈ ಬೆಂಚು ರಾಜ್ಯದ್ದೂ ಅಲ್ಲ, ಕೇಂದ್ರದ್ದೂ ಅಲ್ಲ. ಕ್ಷೌರದಂಗಡಿಯವನು ಅವರಮ್ಮನ ನೆನಪಿಗೆ ಕೊಟ್ಟಿದ್ದು. ಅವನು ಬಂದು ಕೇಳಿದ್ರೆ ಆಗ ನೋಡೋಣ."

ಹಾಗೆ ಪಾಳಿ ಗೊತ್ತಾಯಿತು. ಬೆಳಿಗ್ಗೆ ಅಣ್ಣನ ಕಡೆಯವರು, ಮಧ್ಯಾಹ್ನದಿಂದ ಭಾವನ ಕಡೆಯವರು, ಹೀಗೆ ಆರು ಗಂಟೆಗೊಮ್ಮೆ ಬದಲು. ಲಸಿಕೆಯ ರಟ್ಟಿನ ಡಬ್ಬಿಗಳಿಗೆ ಕೇಂದ್ರದ ಸೀಲು ಇತ್ತು, ಅದನ್ನು ಯಾರೂ ಮುಟ್ಟುವಂತಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಐಸ್ ಬದಲಾಯಿಸಲು ತೆರೆಯಬಹುದು. ಪಾಳಿಯಲ್ಲಿರುವವರು ಎರಡು ಗಂಟೆಗೊಮ್ಮೆ ಒಳಗಿನ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾನು ರಾಜ್ಯದ ನೌಕರಳು, ಜೊತೆಗೆ ಕೇಂದ್ರದವರ ಸೊಸೆ. ಹಾಗಾಗಿ ನನ್ನನ್ನು ಇಬ್ಬರೂ ನಂಬಲಿಲ್ಲ. ಪೆಟ್ಟಿಗೆಯನ್ನು ನಾನು ಮುಟ್ಟಕೂಡದು, ಐಸ್ ಸಿದ್ಧಮಾಡಿ ಪಾಳಿಯವರ ಕೈಗೆ ಕೊಟ್ಟರೆ ಸಾಕು ಎಂದರು. ಹನ್ನೊಂದು ವರ್ಷ ಆ ಕೆಲಸವನ್ನೇ ಮಾಡಿದವಳು ಅಲ್ಲಿ ಇದ್ದದ್ದು ನಾನೊಬ್ಬಳೇ.

ಈ ಲಸಿಕೆಗೆ ಬಿಸಿಯೂ ಆಗದು, ಅತಿ ತಣ್ಣಗೂ ಆಗದು. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಹೆಪ್ಪುಗಟ್ಟಿದರೆ ಮುಗಿಯಿತು, ಮತ್ತೆ ಕರಗಿದರೂ ಒಡೆದ ಹಾಲಿನ ಹಾಗೆ, ಕೂಡುವುದಿಲ್ಲ. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನಾವು ನೇರವಾಗಿ ಪೆಟ್ಟಿಗೆಗೆ ಇಡುವುದಿಲ್ಲ. ಮೇಜಿನ ಮೇಲೆ ಹರಡಿ ಬೆವರಲು ಬಿಡುತ್ತೇವೆ. ಮೈಮೇಲೆ ಹನಿ ಮೂಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿದ ಸದ್ದು ಬರಬೇಕು. ಆಮೇಲಷ್ಟೇ ಪೆಟ್ಟಿಗೆಗೆ. ಗೊತ್ತಿಲ್ಲದವರ ಕಣ್ಣಿಗೆ, ಇದ್ದ ಐಸನ್ನು ಸುಮ್ಮನೆ ಕರಗಿಸುತ್ತಿದ್ದಾಳೆ ಅನ್ನಿಸುತ್ತದೆ.

ಅಣ್ಣನ ಕಣ್ಣಿಗೂ ಹಾಗೇ ಅನ್ನಿಸಿತು.

"ಏನೇ ಇದು, ಕರಗ್ತಿರೋದನ್ನ ಕೊಡ್ತಿದ್ದೀಯ? ಯಾರು ಹೇಳ್ಕೊಟ್ರು, ನಿಮ್ಮ ಭಾವನಾ?"

ನಾನು ಬಿಡಿಸಿ ಹೇಳಿದೆ. ಹೂಂ ಹೂಂ ಎಂದ. ಮರುಗಳಿಗೆಗೆ ದನಿ ತಗ್ಗಿಸಿ, "ಆದ್ರೂ ಫ್ರೀಜರ್ ಕೀಲಿ ಒಂದು ನನ್ನ ಹತ್ರ ಇರ್ಲಿ. ಲಸಿಕೆ ಬಿಸಿಯಾಗಿ ಕೆಟ್ರೆ ಆ ಮನುಷ್ಯ ಊರೆಲ್ಲ ಸಾರ್ತಾನೆ, ರಾಜ್ಯದವರಿಗೆ ಒಂದು ಪೆಟ್ಟಿಗೆ ತಣ್ಣಗಿಡೋಕೂ ಬರಲ್ಲ ಅಂತ. ಅವನಿಗೆ ಹೇಳ್ಬೇಡ," ಎಂದ.

ಕೊಟ್ಟೆ. ಮೇಜಿನ ಮೇಲಿರುವುದನ್ನು ಮಾತ್ರ ಇಡು ಎಂದು ಎರಡು ಸಲ ಹೇಳಿದೆ.

ಮಧ್ಯಾಹ್ನ ಭಾವ ಬಂದರು. "ನೋಡಮ್ಮ, ನಿಮ್ಮಣ್ಣ ಬೇಕಂತಲೇ ಇದನ್ನ ಬಿಸಿಯಾಗೋಕೆ ಬಿಡ್ತಾನೆ. ಆಮೇಲೆ ಕೇಂದ್ರ ಕೆಟ್ಟ ಲಸಿಕೆ ಕಳಿಸ್ತು ಅಂತ ಎದೆ ಬಡ್ಕೊಳ್ತಾನೆ. ಫ್ರೀಜರ್ ಕೀಲಿ ನನಗೊಂದು ಕೊಟ್ಟಿರು. ಅವನ ಕಿವಿಗೆ ಬೀಳೋದು ಬೇಡ."

ನನ್ನದನ್ನು ಬಿಟ್ಟರೆ ಇದ್ದದ್ದು ಎರಡು ಕೀಲಿ. ಇನ್ನೊಂದನ್ನು ಅವರಿಗೆ ಕೊಟ್ಟೆ. ಇಬ್ಬರು ಮಕ್ಕಳು ಒಂದು ಆಟಿಕೆಗೆ ಕಿತ್ತಾಡುವಾಗ, ಸದ್ಯ ಅಳು ನಿಲ್ಲಲಿ ಎಂದು ಇಬ್ಬರ ಕೈಗೂ ಒಂದೊಂದು ತುರುಕುವ ತಾಯಿಯ ಬುದ್ಧಿ ಅದು. ಅಳು ನಿಂತಿತು. ನಾನು ಅಷ್ಟಕ್ಕೇ ಸಮಾಧಾನಪಟ್ಟೆ.

ಮೂರು ದಿನ ಕಾರಿಡಾರಿನಲ್ಲಿ ನಡೆಯುವುದೇ ಕಷ್ಟವಾಯಿತು. ಪಾಳಿ ಬದಲಾಗುವಾಗಲೆಲ್ಲ ಒಂದು ಮಾತು, ಒಂದು ಕೆಣಕು. ಅಣ್ಣ ಕೂತೆದ್ದ ಕುರ್ಚಿಯನ್ನು ಭಾವ ಕರವಸ್ತ್ರದಿಂದ ಒರೆಸಿ ಕೂರುತ್ತಿದ್ದರು. ಭಾವ ಕುಡಿದಿಟ್ಟ ಲೋಟವನ್ನು ಅಣ್ಣ ಬೂಟಿನಿಂದ ಪಕ್ಕಕ್ಕೆ ತಳ್ಳುತ್ತಿದ್ದ. ಹೊರಗೆ ಗೇಟಿನ ಬಳಿ ಎರಡು ಗುಂಪು. ಒಬ್ಬರು "ನಮ್ಮ ಮನೆ ನಮ್ಮ ಬೀಗ" ಎಂದು ಕೂಗಿದರೆ ಇನ್ನೊಬ್ಬರು "ದೇಶದ್ರೋಹಿಗಳು" ಎನ್ನುತ್ತಿದ್ದರು. ಬುಧವಾರ ಯಾರೋ ಎಸೆದ ಕಲ್ಲು ಹೆರಿಗೆ ವಾರ್ಡಿನ ಕಿಟಕಿಗೆ ಬಿತ್ತು. ಅದೇ ದಿನ ಎರಡನೆಯ ಮಗು ಬಂತು, ಅದೇ ಬೂದು ಪೊರೆ. ದರ್ಜಿಯ ಮಗನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ನನ್ನ ಮಗಳು ಗುಬ್ಬಿಗೆ ಐದು ತುಂಬಿತ್ತು. ಈ ಸಲದ ಚುಚ್ಚುಮದ್ದು ಅವಳಿಗೂ ಬಾಕಿ. ಆ ಮೂರು ದಿನ ಬೆಳಿಗ್ಗೆ ಎದ್ದವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಆ ಅನ್ನು," ಎಂದು ಗಂಟಲು ನೋಡುತ್ತಿದ್ದೆ. ಅವಳಿಗೆ ಅದೊಂದು ಆಟ. ಬೊಂಬೆಯ ಬಾಯಿಯನ್ನೂ ತಿರುಗಿಸಿ ನೋಡಿ, "ಇವಳ್ದೂ ಕೆಂಪಾಗಿಲ್ಲಮ್ಮ," ಎನ್ನುವಳು.

ಗುರುವಾರಕ್ಕೆ ಮೇಲಿನವರು ಒಂದು ಒಪ್ಪಂದಕ್ಕೆ ಬಂದರು. ಹನ್ನೊಂದು ಗಂಟೆಗೆ ಪೆಟ್ಟಿಗೆ ತೆರೆಯುವುದು, ಕೇಂದ್ರದ ಸೀಲಿನ ಪಕ್ಕದಲ್ಲೇ ರಾಜ್ಯದ ಮೊಹರು ಹೊಡೆಯುವುದು, ಫೋಟೊ ತೆಗೆಯುವುದು. ಎಂಟು ಗಂಟೆಗೇ ತಾಯಂದಿರ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಗುಬ್ಬಿಯನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಅದೇ ಸಾಲಿನಲ್ಲಿ ನಿಲ್ಲಿಸಿದ್ದೆ.

ತೆರೆಯುವ ಮುಂಚೆ ತಾಪಮಾನದ ಪುಸ್ತಕಕ್ಕೆ ನಾನು ಸಹಿ ಹಾಕಬೇಕಿತ್ತು. ಮೇಲಿನಿಂದ ಕೆಳಗೆ ಬೆರಳಾಡಿಸಿದೆ. ನಾಲ್ಕು. ನಾಲ್ಕು. ನಾಲ್ಕು. ಮೂರು ದಿನದ ಅಷ್ಟೂ ಸಾಲಿನಲ್ಲಿ ನಾಲ್ಕೇ. ನಿಜವಾಗಿ ನೋಡಿ ಬರೆದರೆ ಥರ್ಮಾಮೀಟರು ಹಾಗೆ ನಡೆದುಕೊಳ್ಳುವುದಿಲ್ಲ. ಮೂರೂವರೆ ತೋರಿಸುತ್ತದೆ, ಮುಚ್ಚಳ ತೆಗೆದಾಗ ಆರಕ್ಕೆ ಹೋಗುತ್ತದೆ, ಮತ್ತೆ ಇಳಿಯುತ್ತದೆ. ಒಬ್ಬರ ಅಂಕಿಗಿಂತ ಇನ್ನೊಬ್ಬರದು ಬೇರೆಯಾದರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎಂದು ಇಬ್ಬರೂ ಹಿಂದಿನ ಸಾಲು ನೋಡಿ ನಕಲು ಮಾಡಿದ್ದರು.

ಮುಚ್ಚಳ ತೆಗೆದೆ. ರಟ್ಟಿನ ಡಬ್ಬಿಗಳ ಮೇಲೆ ಬಿಳಿ ಹಿಮದ ಪುಡಿ. ಸುತ್ತ ನಾಲ್ಕೂ ಕಡೆ, ಮೇಲೆ, ಸಂದುಗೊಂದಿನಲ್ಲೆಲ್ಲ ಕಲ್ಲಿನಂಥ ಐಸ್ ಪ್ಯಾಕು. ಇರಬೇಕಾದದ್ದಕ್ಕಿಂತ ದುಪ್ಪಟ್ಟು. ಒಂದನ್ನು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ.

"ನೀವಿಬ್ಬರೂ ಫ್ರೀಜರಿನಿಂದ ನೇರ ಇಟ್ರಿ," ಎಂದೆ.

"ನಾನಾ? ನನ್ನ ಹತ್ರ ಕೀಲಿ ಎಲ್ಲಿದೆ?" ಎಂದ ಅಣ್ಣ.

"ನನ್ನ ಹತ್ರಾನೂ ಇಲ್ಲ," ಎಂದರು ಭಾವ.

"ಎರಡು ಕೀಲಿನೂ ಕೊಟ್ಟವಳು ನಾನು. ಒಂದು ನಿನಗೆ, ಒಂದು ಭಾವನಿಗೆ."

ಇಬ್ಬರೂ ಮೊದಲು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ನನ್ನನ್ನು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಡಾಕ್ಟರಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿಸಿದರು. ಪೆಟ್ಟಿಗೆಯಿಂದ ತೆಗೆದು ತಂದ ಒಂದು ಸೀಸೆಯನ್ನು ಅಂಗೈಯಲ್ಲಿ ಕರಗಿಸಿದೆ. ಅವಧಿ ಮುಗಿದ, ಆದರೆ ಎಂದೂ ಹೆಪ್ಪುಗಟ್ಟದ, ಇದೇ ಲಸಿಕೆಯ ಒಂದು ಹಳೆಯ ಸೀಸೆಯನ್ನು ಹೊಸಬರಿಗೆ ತೋರಿಸಲೆಂದು ಇಟ್ಟುಕೊಂಡಿದ್ದೆ. ಎರಡನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟೆ. ಹತ್ತು ನಿಮಿಷ ಕಾದೆವು. ಹಳೆಯದು ಮಜ್ಜಿಗೆಯಂತೆ ಒಂದೇ ಸಮನೆ ಬೆಳ್ಳಗಿತ್ತು. ಪೆಟ್ಟಿಗೆಯದು ಚೂರುಚೂರಾಗಿ ತಳಕ್ಕಿಳಿಯಿತು. ಮೇಲೆ ತಿಳಿನೀರು.

"ಹೋಯ್ತು," ಎಂದರು ಡಾಕ್ಟರಮ್ಮ. "ಅರವತ್ತು ಸೀಸೆನೂ ಹೋಯ್ತು."

"ಇವ್ರು ಮಾಡಿದ್ದು. ಬರ್ಕೊಡು," ಎಂದು ಅಣ್ಣ ನನ್ನ ಮುಂದೆ ಹಾಳೆ ತಳ್ಳಿದ.

"ಪೊಲೀಸರು ಐಸ್ ತುಂಬಿದ್ರು ಅಂತ ಬರಿ," ಎಂದು ಭಾವ ಇನ್ನೊಂದು ತಳ್ಳಿದರು. "ನೀನು ನಮ್ಮನೆ ಸೊಸೆ, ಮರೀಬೇಡ."

"ನಿಮ್ಮನೆಗೆ ಕೊಟ್ಟಿದ್ದೇ ನಮ್ಮ ತಪ್ಪು."

"ಕೊಡೋವಾಗ ಕಾಲು ಹಿಡ್ದಿದ್ದು ಯಾರು?"

ಅಣ್ಣ ಭಾವನ ಅಂಗಿಯ ಕಾಲರಿಗೆ ಕೈ ಹಾಕಿದ. ಗುಂಡಿಯೊಂದು ಕಿತ್ತು ನೆಲದ ಮೇಲೆ ಉರುಳಿತು. ಡಾಕ್ಟರಮ್ಮ ಮೇಜು ಗುದ್ದಿದರು. ಆಗ ಕಿಟಕಿಯಾಚೆಯಿಂದ ಸಾಲಿನ ಗದ್ದಲ ಕೇಳಿಸಿತು, ಮಕ್ಕಳ ಅಳು, ಯಾಕೆ ತಡ ಎಂದು ಹೆಂಗಸರ ಕೂಗು. ಫೋಟೊದವನು ಬಾಗಿಲು ತಟ್ಟುತ್ತಿದ್ದ. ಭಾವ ಕಾಲರು ಸರಿಮಾಡಿಕೊಂಡರು. ಗಂಟಲು ಕೆರೆದು, "ಬೀಗ್ರೇ, ಒಂದು ನಿಮಿಷ ಈ ಕಡೆ ಬನ್ನಿ," ಎಂದರು.

ಇಬ್ಬರೂ ಮೂಲೆಯ ಬೀರುವಿನ ಹತ್ತಿರ ಹೋಗಿ ತಲೆ ಹತ್ತಿರ ತಂದು ಮಾತಾಡಿದರು. ಆ ಮದುವೆಯ ಫೋಟೊದ ನಂತರ ಅವರನ್ನು ಅಷ್ಟು ಹತ್ತಿರ ನಾನು ನೋಡಿದ್ದು ಅದೇ ಮೊದಲು.

ತಿರುಗಿ ಬಂದು ಅಣ್ಣನೇ ಹೇಳಿದ. "ಹಾಕ್ಬಿಡಿ."

"ಏನನ್ನ?"

"ಇದನ್ನೇ. ವಿಷ ಏನೂ ಅಲ್ಲವಲ್ಲ ಡಾಕ್ಟ್ರೇ?"

"ವಿಷ ಅಲ್ಲ. ಆದ್ರೆ ಔಷಧಿನೂ ಅಲ್ಲ."

"ಮತ್ತಿನ್ನೇನು! ಯಾರೂ ಸಾಯಲ್ಲ. ಎರಡು ಮೊಹರೂ ಬೀಳುತ್ತೆ, ಜನ ತಣ್ಣಗಾಗ್ತಾರೆ. ಒಂದು ತಿಂಗಳು ಬಿಟ್ಟು ಇನ್ನೊಂದು ಸುತ್ತು ಅಂತ ಹೊಸದು ಹಾಕಿದ್ರಾಯ್ತು."

"ಚುಚ್ಚಿಸಿಕೊಂಡು ಹೋದ ತಾಯಿ ಧೈರ್ಯವಾಗಿ ಇದ್ದುಬಿಡ್ತಾಳೆ ಅಣ್ಣ," ಎಂದೆ. "ಮಗು ಗಂಟಲು ನೋವು ಅಂದ್ರೆ ಬಿಸಿನೀರು ಕುಡಿಸಿ ಮಲಗಿಸ್ತಾಳೆ, ಆಸ್ಪತ್ರೆಗೆ ಓಡಿ ಬರಲ್ಲ. ಸಾಲಿನಲ್ಲಿ ಗುಬ್ಬಿ ಇದ್ದಾಳೆ. ಅವಳಿಗೂ ಇದನ್ನೇ ಚುಚ್ಚಿಸ್ಲಾ?"

ಅಣ್ಣ ತನ್ನ ಬೂಟು ನೋಡಿಕೊಂಡ. ಭಾವ ದನಿ ಇನ್ನಷ್ಟು ಇಳಿಸಿದರು.

"ಅವಳ ಚಿಂತೆ ನಿನಗೆ ಬೇಡ. ಆಚೆಯಿಂದ ಅವಳಿಗೊಂದು ಒಳ್ಳೆ ಸೀಸೆ ನಾನು ತರಿಸ್ತೀನಿ. ನಾಳೆನೇ."

"ಚೆಕ್‌ಪೋಸ್ಟಿನಲ್ಲಿ ಯಾರೂ ತಡೆಯದ ಹಾಗೆ ನಾನು ನೋಡ್ಕೋತೀನಿ," ಎಂದ ಅಣ್ಣ.

ಆರುನೂರು ಮಕ್ಕಳಿಗೆ ಆಗದ್ದು ಒಬ್ಬಳಿಗೆ ನಾಳೆಯೇ ಆಗುತ್ತಿತ್ತು. ನಾನು ತಕ್ಷಣ ಬೇಡ ಎನ್ನಲಿಲ್ಲ. ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದ ಆ ಪುಟ್ಟ ಗಂಟಲು ಕಣ್ಣ ಮುಂದೆ ಬಂತು. ಮೇಜಿನ ಮೇಲಿನ ಸೀಸೆಗಳನ್ನೇ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಎರಡನ್ನೂ ಎತ್ತಿಕೊಂಡು, ಬಾಗಿಲ ಚಿಲಕ ತೆಗೆದು, ಗೇಟಿಗೆ ನಡೆದೆ. ಹಿಂದಿನಿಂದ ಅಣ್ಣ ಹೆಸರು ಹಿಡಿದು ಗದರಿದ. ಚಿಕ್ಕಂದಿನಲ್ಲಿ ಆ ದನಿಗೆ ನಾನು ನಿಂತುಬಿಡುತ್ತಿದ್ದೆ.

ಸಾಲಿನ ಮುಂದಿದ್ದವಳು ದರ್ಜಿಯ ಹೆಂಡತಿ. ಮಗ ದೊಡ್ಡ ಆಸ್ಪತ್ರೆಯಲ್ಲಿ, ಸೊಂಟದ ಮೇಲೆ ಚಿಕ್ಕ ಮಗಳು. ಅವಳಿಗೆ, ಅವಳ ಹಿಂದಿನವರಿಗೆ, ಗಟ್ಟಿಯಾಗಿ ಹೇಳಿದೆ: ಲಸಿಕೆ ಹೆಪ್ಪುಗಟ್ಟಿ ಕೆಟ್ಟಿದೆ. ಚುಚ್ಚಿಸಿಕೊಳ್ಳಬೇಡಿ. ಎರಡೂ ಕಡೆಯವರು ಐಸ್ ತುಂಬಿದರು. ಇಬ್ಬರಿಗೂ ಫ್ರೀಜರ್ ಕೀಲಿ ಕೊಟ್ಟವಳು ನಾನು.

ಅವಳು ಮಗಳನ್ನು ಎಡಸೊಂಟಕ್ಕೆ ಬದಲಾಯಿಸಿ, ಬಲಗೈಯಲ್ಲಿ ನನ್ನ ಕೆನ್ನೆಗೆ ಹೊಡೆದಳು. ಯಾರೂ ತಡೆಯಲಿಲ್ಲ.

"ಮೂರು ದಿನ! ಮೂರು ದಿನ ಇದೇ ಗೇಟಲ್ಲಿ ಕೂತಿದ್ದೀನಿ. ಒಂದು ಪೆಟ್ಟಿಗೆ ಕಾಯೋಕೆ ಆಗ್ಲಿಲ್ವಾ ನಿಮ್ಗೆ?"

"ಕೇಂದ್ರದವರ ಸೊಸೆ ಕಣೇ ಇವಳು, ಬೇಕಂತಲೇ ಹೇಳ್ತಿದ್ದಾಳೆ!" ಎಂದಳು ಒಬ್ಬಳು.

"ಪೊಲೀಸಪ್ಪನ ತಂಗಿ. ಆಚೆಯಿಂದ ಬಂದದ್ದು ಯಾವುದೂ ಬೇಡ ಅಂತ ಅಣ್ಣನೇ ಹೇಳ್ಕೊಟ್ಟಿರ್ತಾನೆ," ಎಂದಳು ಇನ್ನೊಬ್ಬಳು.

ನಾನು ಎರಡೂ ಸೀಸೆಗಳನ್ನು ಕುಲುಕಿ ಗೇಟಿನ ಕಂಬದ ಮೇಲಿಟ್ಟೆ. "ನನ್ನ ಮಾತು ನಂಬಬೇಡಿ. ಹತ್ತು ನಿಮಿಷ ಕೂತು ನೀವೇ ನೋಡಿ."

ನೋಡಿದರು. ದರ್ಜಿಯ ಹೆಂಡತಿ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. ಚೂರುಗಳು ತಳಕ್ಕಿಳಿದ ಮೇಲೆ ಸಾಲು ಬಿಟ್ಟು ನಡೆದಳು. ಅವಳ ಹಿಂದೆ ಒಬ್ಬೊಬ್ಬರೇ. ಪಕ್ಕದ ಮನೆಯಾಕೆ ಗುಬ್ಬಿಯ ಕೈಯನ್ನು ನನ್ನ ಕೈಗೆ ಕೊಟ್ಟು, ಮುಖ ನೋಡದೆ ಹೋದಳು.

"ಅಮ್ಮಾ, ಕೆನ್ನೆ ಕೆಂಪಾಗಿದೆ," ಎಂದಳು ಗುಬ್ಬಿ. "ಆ ಅನ್ನು."

ಶನಿವಾರ ಡಾಕ್ಟರಮ್ಮ ಫೋನು ಮಾಡಿದರು. ಗುರುವಾರದ ಒಪ್ಪಂದ ಮುರಿದುಬಿದ್ದಿದೆ. ಹೊಸ ಲಸಿಕೆಯ ವ್ಯಾನು ಸೋಮವಾರ ಬರುತ್ತದೆ, ಆದರೆ ಸೇತುವೆಯ ಆಚೆ ತುದಿಯವರೆಗೆ ಮಾತ್ರ. ಮೊಹರಿಲ್ಲದೆ ರಾಜ್ಯದವರು ಈಚೆಗೆ ಬಿಡುವುದಿಲ್ಲ, ಮೊಹರು ಹೊಡೆಯಲು ಕೇಂದ್ರದವರು ಬಿಡುವುದಿಲ್ಲ.

"ಪೆಟ್ಟಿಗೆ ಸೇತುವೆ ದಾಟಬಾರದು ಅಂತ ಕಾಯಿದೆ ಇದೆ ಡಾಕ್ಟ್ರೇ," ಎಂದೆ. "ಮಕ್ಕಳು ದಾಟಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ?"

"ಸಿರಿಂಜು ನಾನು ತರ್ತೀನಿ," ಎಂದರು. "ಐಸ್ ನೀನು ನೋಡ್ಕೋ."

ಎರಡು ದಿನ ಮನೆಯಿಂದ ಮನೆಗೆ ನಡೆದೆ. ಐಸ್ ಯಾಕೆ ಬೆವರಬೇಕು, ಅಲ್ಲಾಡಿಸಿ ಹೇಗೆ ತಿಳಿಯಬೇಕು ಎಂದೂ ಹೇಳಿದೆ. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಕೆಲವರು ಬೈದು, ಆಮೇಲೆ ಎಷ್ಟು ಗಂಟೆಗೆ ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ನಮ್ಮ ಊಟದ ಮೇಜಿನ ಮೇಲೆ ನಾಲ್ಕು ಐಸ್ ಪ್ಯಾಕು ಬೆವರುತ್ತಿದ್ದವು, ಪಕ್ಕದಲ್ಲಿ ಹೆಗಲಿಗೆ ಹಾಕಿಕೊಳ್ಳುವ ಚಿಕ್ಕ ಲಸಿಕೆ ಪೆಟ್ಟಿಗೆ. ವ್ಯಾನಿನವರ ಐಸನ್ನು ನಾನು ಇನ್ನು ನಂಬುವುದಿಲ್ಲ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಒಂದೇ ಮೆಟ್ಟಿಲ ಮೇಲೆ ಅಣ್ಣ, ಭಾವ. ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ಲಕೋಟೆ.

ಅಣ್ಣನದರಲ್ಲಿ ನನ್ನನ್ನು ಅಮಾನತು ಮಾಡಿದ ಆಜ್ಞೆ. ಭಾವನದರಲ್ಲಿ ಕೇಂದ್ರದ ಸ್ವತ್ತು ಹಾಳುಮಾಡಿದ್ದಕ್ಕೆ ಮೊಕದ್ದಮೆಯ ನೋಟಿಸು. ಎರಡಕ್ಕೂ ತಲುಪಿದೆ ಎಂದು ಸಹಿ ಹಾಕಿದೆ.

"ಆಚೆಯವರ ಮುಂದೆ ಹೋಗಿ ತೋಳು ಒಡ್ಡಿ ನಿಲ್ತಾರಂತೆ ನಿಮ್ಮ ಹೆಂಗಸರೆಲ್ಲ," ಎಂದ ಅಣ್ಣ. "ರಾಜ್ಯದ ಮಾನ ಹರಾಜು ಹಾಕ್ತಿದ್ದೀಯ ನೀನು."

"ಸೇತುವೆ ಹತ್ರ ಗುಂಪು ಸೇರಿದ್ರೆ ನಮ್ಮವರು ಸುಮ್ನೆ ಇರಲ್ಲ," ಎಂದರು ಭಾವ. "ಆಮೇಲೆ ನನ್ನನ್ನ ಅನ್ಬೇಡ."

ಅಣ್ಣನ ಕಣ್ಣು ಮೇಜಿನ ಮೇಲೆ ಬಿತ್ತು. "ಅಮಾನತಾದವಳ ಮನೇಲಿ ಆಸ್ಪತ್ರೆ ಐಸ್ ಪ್ಯಾಕ್ ಯಾಕಿದೆ? ಇದು ರಾಜ್ಯದ ಸ್ವತ್ತು." ಕೈ ಚಾಚಿದ.

"ಯಾವ ರಾಜ್ಯದ್ದು? ತಿರುಗಿಸಿ ನೋಡಿ ಬೀಗ್ರೇ, ಕೇಂದ್ರ ಪೂರೈಕೆ ಅಂತ ಅಚ್ಚಾಗಿದೆ," ಎಂದು ಭಾವನೂ ಕೈ ಹಾಕಿದರು.

"ಈ ಕಡೆ ನಮ್ಮ ಆಸ್ಪತ್ರೆ ನಂಬರ್ ಬರೆದಿದೆ, ಕಣ್ಣು ಕಾಣಲ್ವಾ?"

"ನಿಮ್ಮ ಬಣ್ಣ ಬಳಿದ ಮಾತ್ರಕ್ಕೆ ನಿಮ್ಮದಾಗುತ್ತಾ?"

"ಮುಟ್ಬೇಡಿ!" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಇಬ್ಬರೂ. ಕೈ ತೆಗೀರಿ."

ಕೈ ತೆಗೆದರು. ನಾಲ್ಕನ್ನೂ ಪೆಟ್ಟಿಗೆಗೆ ಹಾಕಿ, ಗುಬ್ಬಿಯನ್ನು ಮುಂದೆ ಬಿಟ್ಟುಕೊಂಡು ಅವರ ನಡುವಿನಿಂದಲೇ ಮೆಟ್ಟಿಲಿಳಿದೆ. ಹಿಂದೆ ಅವರ ಜಗಳ ಮತ್ತೆ ಶುರುವಾಗಿತ್ತು. ಐಸ್ ಪ್ಯಾಕು ಅಲ್ಲಿಲ್ಲ ಎನ್ನುವುದು ಅದಕ್ಕೆ ಅಡ್ಡಿಯಾಗಲಿಲ್ಲ.

ಬೀದಿಯ ತಿರುವಿನಲ್ಲಿ ನಲವತ್ತೋ ಐವತ್ತೋ ಹೆಂಗಸರು, ಕಂಕುಳಲ್ಲಿ ಬೆನ್ನಲ್ಲಿ ಮಕ್ಕಳು. ಆರುನೂರಕ್ಕೆ ಅದು ಏನೂ ಅಲ್ಲ. ಮುಂದೆ ದರ್ಜಿಯ ಹೆಂಡತಿ. ನನ್ನನ್ನು ನೋಡಿ ಮುಖ ಸಡಿಲಿಸಲಿಲ್ಲ.

"ಬೆವರಿದೆಯಾ?" ಎಂದಳು.

"ಹೂಂ."

"ತೆಗಿ."

ಮುಚ್ಚಳ ತೆಗೆದೆ. ನಾಲ್ಕನ್ನೂ ಒಂದೊಂದಾಗಿ ಎತ್ತಿ, ತನ್ನ ಕಿವಿಗೇ ಹಿಡಿದು ಅಲ್ಲಾಡಿಸಿ, ನೀರಿನ ಸದ್ದು ಕೇಳಿದ ಮೇಲೆ ವಾಪಸ್ಸಿಟ್ಟಳು. ಆಮೇಲೆ ಪೆಟ್ಟಿಗೆಯ ಪಟ್ಟಿಯನ್ನು ನನ್ನ ಹೆಗಲಿನಿಂದ ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡು, ಸೇತುವೆಯ ಕಡೆ ನಡೆದಳು. ಉಳಿದವರು ಅವಳ ಹಿಂದೆ ಹೊರಟರು. ಗುಬ್ಬಿಯ ಕೈ ಹಿಡಿದು ನಾನು ಸಾಲಿನ ಕೊನೆಗೆ ಸೇರಿಕೊಂಡೆ.